ಮಾವನ ಹೆಜ್ಜೆ ಲೆಕ್ಕ

ಮೊನ್ನೆ ರಾತ್ರಿ ಬೆಂಗಳೂರಿನಲ್ಲಿ ಒಳ್ಳೆ ಮಳೆ ಹೊಡೆಯಿತು. ನಮ್ಮ ರಸ್ತೆ ಇಳಿಜಾರು. ಮೇಲಿನ ತುದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಸೈಟಿನ ಮುಂದೆ ಒಂದು ಲೋಡ್ ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಸುರಿದಿದ್ದರು. ಬೆಳಿಗ್ಗೆ ಹಾಲು ತರೋಕೆ ಹೊರಟಾಗ ಆ ರಾಶಿಯ ಅರ್ಧ ರಸ್ತೆಗೆ ಇಳಿದು ಬಂದಿತ್ತು.

ಹೇಗೆ ಬೇಕೋ ಹಾಗೆ ಚೆಲ್ಲಿಕೊಂಡು ಬಂದಿರಲಿಲ್ಲ. ಹಂಪ್‌ನ ಮೇಲ್ಬದಿಯಲ್ಲಿ ದಪ್ಪಗೆ ಕೂತಿತ್ತು. ನಿಲ್ಲಿಸಿದ್ದ ಕಾರಿನ ಟೈರಿನ ಹಿಂದೆ ಬಾಲದ ಹಾಗೆ ಚಾಚಿತ್ತು. ಮೋರಿ ಬಾಯಿಯ ಹತ್ತಿರ ಬೀಸಣಿಗೆಯಂತೆ ಹರಡಿತ್ತು. ನಡುವೆ ಒಂದಷ್ಟು ಜಾಗದಲ್ಲಿ ಬೆರಳಿನಿಂದ ಗೀರಿದಂಥ ಸಣ್ಣ ಸಣ್ಣ ಗೆರೆಗಳು. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಎದುರು ಮನೆ ಆಂಟಿ "ಏನಾದ್ರೂ ಬಿತ್ತೇನಮ್ಮಾ?" ಅಂದರು. "ಇಲ್ಲ ಆಂಟಿ, ಮರಳು ನೋಡ್ತಿದೀನಿ" ಅಂದೆ. ಅವರೂ ಬಂದು ಬಗ್ಗಿ ನೋಡಿದರು.

ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು ಇದು. ನಮ್ಮ ಕಡೆಯ ಕಡಲಿಗೆ ಹೋಗೋಕೆ ಒಂದು ರಾತ್ರಿ ಬಸ್ಸು ಬೇಕು. ಆದರೂ ನೀರು ಮತ್ತು ಮರಳಿನ ನಡುವಿನ ಒಪ್ಪಂದ ಎಲ್ಲ ಕಡೆ ಒಂದೇ. ನೀರಿಗೆ ವೇಗ ಇರುವಷ್ಟು ಹೊತ್ತು ಮರಳನ್ನು ಹೊರುತ್ತದೆ. ವೇಗ ಕಳೆದುಕೊಂಡ ಕಡೆ ಇಳಿಸುತ್ತದೆ. ಹಂಪ್ ಅಡ್ಡ ಬಂದಲ್ಲಿ, ಟೈರಿನ ಮರೆಯಲ್ಲಿ, ಮೋರಿ ಅಗಲವಾದಲ್ಲಿ. ಕಡಲಿಗೂ ರಸ್ತೆಗೂ ದೊಡ್ಡ ವ್ಯತ್ಯಾಸ ಒಂದೇ. ರಸ್ತೆಯಲ್ಲಿ ನೀರು ಒಮ್ಮೆ ಕೆಳಗೆ ಹೋದರೆ ಹೋಯಿತು. ಕಡಲಲ್ಲಿ ನೀರು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ.

ನನ್ನ ಅಮ್ಮನ ತವರು ಕುಂದಾಪುರದ ಕಡೆ, ಕಡಲ ಪಕ್ಕದಲ್ಲೇ. ಅಲ್ಲಿ ಮರಳು ಅನ್ನುವುದಿಲ್ಲ, ಹೊಯ್ಗೆ. ಮಂಗಳೂರಿನಲ್ಲಂತೂ ಹೊಯ್ಗೆ ಬಜಾರ್ ಅಂತ ಒಂದು ಜಾಗವೇ ಇದೆ. ನದಿ ಕಡಲು ಸೇರುವ ಬಾಯಿ ಅಳಿವೆ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಕಡಲು, ನಡುವೆ ಉದ್ದಕ್ಕೆ ಚಾಚಿದ ಹೊಯ್ಗೆಯ ಪಟ್ಟಿ ಬೆಂಗ್ರೆ. ಆ ಪಟ್ಟಿಯ ತುದಿ ಕೋಡಿ. ಹೊಳೆ ನಡುವಿನ ನಡುಗಡ್ಡೆ ಕುದ್ರು. ಬೆಂಗಳೂರಿಗೆ ಬಂದ ಹೊಸದರಲ್ಲಿ ಯಾರೋ "ಕೆರೆ ಕೋಡಿ ಬಿತ್ತು" ಅಂದಾಗ ನನಗೆ ಥಟ್ಟನೆ ಅಜ್ಜಿ ಮನೆ ನೆನಪಾಗಿತ್ತು. ಇಲ್ಲಿ ಕೋಡಿ ಅಂದರೆ ಕೆರೆ ತುಂಬಿ ನೀರು ಹೊರಗೆ ಹೋಗುವ ಜಾಗ. ಅಲ್ಲಿ ಕೋಡಿ ಅಂದರೆ ನೆಲ ಮುಗಿದು ಹೊಳೆ ಕಡಲಿಗೆ ಹೋಗುವ ಜಾಗ. ಎರಡು ಊರುಗಳನ್ನೂ ಆ ಒಂದು ಪದ ನನಗೆ ಹತ್ತಿರ ಮಾಡಿತು.

ಇವಕ್ಕೆಲ್ಲ ಶಾಲೆಯ ಭೂಗೋಳ ಪುಸ್ತಕದಲ್ಲಿ ಬೇರೆ ಹೆಸರುಗಳಿದ್ದವು. ಉರು ಹೊಡೆದೆ, ಪರೀಕ್ಷೆಯಲ್ಲಿ ಚಿತ್ರ ಬರೆದೆ. ಅದು ಅಜ್ಜಿ ಮನೆ ಹಿತ್ತಲಿನದೇ ಚಿತ್ರ ಅಂತ ಯಾರೂ ಹೇಳಲಿಲ್ಲ.

ಹೇಳಿದ್ದು ಮಾವ. ಅದೂ ಬಾಯಿಂದ ಅಲ್ಲ.

ನನಗೆ ಆಗ ಹತ್ತು ವರ್ಷ ಇರಬಹುದು. ಏಪ್ರಿಲ್ ರಜೆ. ಬೆಳಗಿನ ಇಳಿತದ ಹೊತ್ತು, ಕಡಲು ತಣ್ಣಗಿತ್ತು. ಮಾವ ನನ್ನ ಕೈ ಹಿಡಿದು ನೀರಿಗೆ ಇಳಿಸಿದರು. ಮೊಣಕಾಲು, ತೊಡೆ, ಸೊಂಟ. ನೀರು ಎದೆವರೆಗೆ ಬಂದಾಗ ಅಳು ಬಂತು. "ಇನ್ನೊಂದ್ ನಾಕ್ ಹೆಜ್ಜೆ" ಅಂದರು. ನಾಲ್ಕಲ್ಲ, ಹತ್ತು ಹೆಜ್ಜೆ ಇಟ್ಟಿರಬೇಕು. ಕಾಲ ಕೆಳಗಿನ ನೆಲ ಏರತೊಡಗಿತು. ನೀರು ಸೊಂಟಕ್ಕೆ ಇಳಿಯಿತು, ತೊಡೆಗೆ ಇಳಿಯಿತು, ಕೊನೆಗೆ ಮೊಣಕಾಲಿಗೆ ಬಂತು. ದಡ ಅಷ್ಟು ದೂರದಲ್ಲಿ, ಅಜ್ಜಿ ಸಣ್ಣ ಚುಕ್ಕಿಯಂತೆ ನಿಂತಿದ್ದಾರೆ, ನಾನು ಕಡಲ ನಡುವೆ ಮೊಣಕಾಲುದ್ದ ನೀರಲ್ಲಿ ನಿಂತಿದ್ದೇನೆ! ಕಾಲ ಕೆಳಗೆ ಹೊಯ್ಗೆ ಗಟ್ಟಿಯಾಗಿ, ಗೆರೆ ಗೆರೆಯಾಗಿ ಇತ್ತು. ಆ ಗೆರೆಗಳು ಪಾದಕ್ಕೆ ಚುಚ್ಚಿದ್ದು ಈಗಲೂ ನೆನಪಿದೆ.

ಅದು ನೀರಡಿಯ ಮರಳ ದಿಣ್ಣೆ. ದಡಕ್ಕೆ ಸಮಾನಾಂತರವಾಗಿ, ಉದ್ದಕ್ಕೆ, ಒಂದು ಏರಿಯ ಹಾಗೆ ಮಲಗಿರುತ್ತದೆ. ಅದನ್ನು ಕಟ್ಟುವುದು ಅಲೆಯೇ. ದೂರದ ಕಡಲಿನಲ್ಲಿ ಅಲೆ ಹೋಗುವಾಗ ನೀರು ಇದ್ದಲ್ಲೇ ಮೇಲೆ ಕೆಳಗೆ ಸುತ್ತು ಹಾಕುತ್ತದೆ, ಮುಂದೆ ಹೋಗುವುದು ಅಲೆಯ ಆಕಾರ ಮಾತ್ರ. ಒಂದು ಅಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಎಷ್ಟು ದೂರವೋ ಅದರ ಅರ್ಧಕ್ಕಿಂತ ನೀರಿನ ಆಳ ಕಮ್ಮಿ ಆದಾಗ ಅಲೆಗೆ ತಳ ತಾಗೋಕೆ ಶುರುವಾಗುತ್ತದೆ. ಆಗ ಅದು ನಿಧಾನವಾಗುತ್ತದೆ, ಹಿಂದಿನಿಂದ ಬರುವ ಅಲೆಗಳು ಹತ್ತಿರವಾಗುತ್ತವೆ, ಎತ್ತರ ಏರುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಬಂದಾಗ ಒಡೆಯುತ್ತದೆ. ಅಂದರೆ 2 ಮೀಟರ್ ಎತ್ತರದ ಅಲೆ ಹೆಚ್ಚು ಕಮ್ಮಿ 2.6 ಮೀಟರ್ ಆಳದಲ್ಲಿ ಬಿದ್ದು ಒಡೆಯುತ್ತದೆ.

ಒಡೆದ ಅಲೆ ನೀರನ್ನು ದಡದ ಕಡೆ ತಳ್ಳುತ್ತದೆ. ಬಂದ ನೀರು ಅಲ್ಲೇ ಇರೋಕಾಗಲ್ಲ, ವಾಪಸ್ ಹೋಗಬೇಕು. ಮೇಲೆ ಅಲೆ ಬರುತ್ತಲೇ ಇರುವುದರಿಂದ ಅದು ಅಡಿಯಿಂದ ಹೋಗುತ್ತದೆ. ನೀವು ಕಡಲಲ್ಲಿ ನಿಂತಾಗ ಕಾಲನ್ನು ಹಿಂದಕ್ಕೆ ಎಳೆಯುತ್ತದಲ್ವಾ, ಅದೇ. ಆ ಎಳೆತ ದಂಡೆಯ ಮರಳನ್ನು ಕಡಲ ಕಡೆ ಒಯ್ಯುತ್ತದೆ. ಆಚೆಯಿಂದ ಬರುವ ಅಲೆಗಳು ತಳದ ಮರಳನ್ನು ದಡದ ಕಡೆ ತಳ್ಳುತ್ತವೆ. ಎರಡೂ ಎದುರುಬದುರಾಗುವುದು ಅಲೆ ಒಡೆಯುವ ಸಾಲಿನಲ್ಲಿ. ಅಲ್ಲಿ ಮರಳು ಗುಡ್ಡೆಯಾಗುತ್ತದೆ. ದಿಣ್ಣೆಗೂ ದಡಕ್ಕೂ ನಡುವೆ ನೀರು ಕೆರೆದ ತಗ್ಗು ಉಳಿಯುತ್ತದೆ. ನಾನು ಅತ್ತಿದ್ದು ಆ ತಗ್ಗಿನಲ್ಲಿ.

ದಡದಲ್ಲಿ ನಿಂತು ದಿಣ್ಣೆ ಗುರುತಿಸುವುದು ಸುಲಭ. ಅಲೆ ದೂರದಲ್ಲೇ ಒಮ್ಮೆ ಬೆಳ್ಳಗೆ ಒಡೆದು, ಮತ್ತೆ ಸಮಾಧಾನವಾಗಿ, ದಡದ ಹತ್ತಿರ ಇನ್ನೊಮ್ಮೆ ಒಡೆಯುತ್ತಿದ್ದರೆ ಮೊದಲು ಒಡೆದ ಕಡೆ ದಿಣ್ಣೆ ಇದೆ ಅಂತ ಅರ್ಥ. ಮಾವ ಇದನ್ನು "ತೆರೆ ಎರಡು ಕಡೆ ಒಡೀತ್" ಅನ್ನುತ್ತಿದ್ದರು.

ಅಜ್ಜಿ ಮನೆ ಕಾಂಪೌಂಡಿನ ಅಂಚಿಗೆ ಒಂದು ತೆಂಗಿನಮರ ಇದೆ. ಪ್ರತಿ ಹುಣ್ಣಿಮೆಯ ಮರುದಿನ ಮಾವ ಆ ಮರದಿಂದ ಕಡಲ ಕಡೆ ನಡೆಯುತ್ತಾರೆ. ಉಬ್ಬರದ ನೀರು ಬಿಟ್ಟುಹೋದ ಕಸಕಡ್ಡಿಯ ಗೆರೆವರೆಗೆ ಎಷ್ಟು ಹೆಜ್ಜೆ ಅಂತ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಎಷ್ಟೋ ವರ್ಷ ಕಳೆದ ಮೇಲೆ ನಾನು ಓದಿದೆ: 1961ರಲ್ಲಿ ಕೆ. ಓ. ಎಮರಿ ಎಂಬ ಸಾಗರ ವಿಜ್ಞಾನಿ ಎರಡು ಕೋಲು ಮತ್ತು ದಿಗಂತದ ಗೆರೆ ಇಷ್ಟನ್ನೇ ಇಟ್ಟುಕೊಂಡು ದಂಡೆಯ ಏರಿಳಿತ ಅಳೆಯುವ ವಿಧಾನ ಬರೆದಿದ್ದರು. ಇವತ್ತಿಗೂ ಅದನ್ನು ಬಳಸುತ್ತಾರೆ. ಮಾವನಿಗೆ ಫೋನ್ ಮಾಡಿ ಹೇಳಿದೆ. "ಎರಡ್ ಕೋಲಾ? ಒಳ್ಳೆದಾಯ್ತ್" ಅಂದರು. ಹೆಜ್ಜೆ ಬಿಡಲಿಲ್ಲ.

ಹಳೆಯ ಕ್ಯಾಲೆಂಡರುಗಳ ಲೆಕ್ಕ ಹೀಗಿತ್ತು. ಮೇ ತಿಂಗಳಲ್ಲಿ 110 ಹೆಜ್ಜೆ. ಆಗಸ್ಟಿನಲ್ಲಿ 60. ಮತ್ತೆ ಮೇನಲ್ಲಿ 108. ಹೀಗೆ ವರ್ಷ ವರ್ಷ. ನಾನು ಒಮ್ಮೆ ಆಗಸ್ಟಿನಲ್ಲಿ ಹೋಗಿದ್ದಾಗ ದಂಡೆ ಅರ್ಧಕ್ಕರ್ಧ ಮಾಯ ಆದದ್ದು ನೋಡಿ ಗಾಬರಿಯಾದೆ. ಮಾವ ಹೇಳಿದ್ದು ಇಷ್ಟೇ: "ಹೊಯ್ಗಿ ಎಲ್ಲಿಗೂ ಹೋಯ್ಲಿಲ್ಲ ಹೆಣೆ. ಅಲ್ಲೇ ನೀರಡಿಯಂಗ್ ಇತ್ತ್. ದೀಪಾವಳಿ ಕಳೀಲಿ, ಬತ್ತ್."

ಇದಕ್ಕಿಂತ ಸರಿಯಾದ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಮುಂಗಾರಿನ ಅಲೆಗಳು ಎತ್ತರ, ಒಂದರ ಹಿಂದೆ ಒಂದು ಬಿಡುವಿಲ್ಲದೆ ಬರುತ್ತವೆ. ಅವು ದಂಡೆಯನ್ನು ಕೆರೆದು ಮರಳನ್ನು ಹೊರಗೆ ಒಯ್ದು ದಿಣ್ಣೆ ಕಟ್ಟುತ್ತವೆ. ಆಮೇಲಿನ ದೊಡ್ಡ ಅಲೆಗಳು ಆ ದಿಣ್ಣೆಗೇ ತಾಗಿ ಒಡೆಯುತ್ತವೆ, ಅರ್ಧ ಬಲ ಅಲ್ಲೇ ಕಳೆದುಕೊಂಡು ದಡಕ್ಕೆ ಬರುತ್ತವೆ. ಅಂದರೆ ದಂಡೆ ತನ್ನದೇ ಮರಳನ್ನು ಮುಂದೆ ಕಳಿಸಿ ತಾನು ಉಳಿಯುತ್ತದೆ. ಅಕ್ಟೋಬರ್ ಆದ ಮೇಲೆ ಕಡಲು ತಣಿಯುತ್ತದೆ. ಉದ್ದನೆಯ, ತಗ್ಗಿನ, ನಿಧಾನದ ಅಲೆಗಳು ದಿಣ್ಣೆಯ ಮರಳನ್ನು ಸ್ವಲ್ಪ ಸ್ವಲ್ಪವೇ ದಡಕ್ಕೆ ದೂಡುತ್ತವೆ. ಕೆಲವು ಸಲ ಇಡೀ ದಿಣ್ಣೆಯೇ ಸರಿದು ಬಂದು ದಂಡೆಗೆ ಅಂಟಿಕೊಳ್ಳುತ್ತದೆ. ನಾವು ಬೇಸಿಗೆಯಲ್ಲಿ ಚಾಪೆ ಹಾಸಿ ಕೂರುವ ಅಗಲವಾದ ದಂಡೆ ಮಳೆಗಾಲದಲ್ಲಿ ಮೀನುಗಳ ಕೆಳಗೆ ಇತ್ತು.

ಇಲ್ಲಿವರೆಗೆ ಹೇಳಿದ್ದು ದಡಕ್ಕೆ ನೇರ ಬರುವ, ನೇರ ಹೋಗುವ ಮರಳಿನ ಮಾತು. ಬೆಂಗ್ರೆ, ಕೋಡಿಗಳ ಕಥೆ ಬೇರೆ. ಅಲೆ ಯಾವಾಗಲೂ ದಡಕ್ಕೆ ನೇರ ಬರಲ್ಲ. ಓರೆಯಾಗಿ ಬಂದ ಅಲೆ ಮರಳನ್ನು ಓರೆಯಾಗಿ ಮೇಲೆ ಹತ್ತಿಸುತ್ತದೆ. ಇಳಿಯುವಾಗ ನೀರು ಇಳಿಜಾರು ಹಿಡಿದು ನೇರ ಇಳಿಯುತ್ತದೆ. ಒಂದು ಕಣ ಹೀಗೆ ಅಂಕುಡೊಂಕಾಗಿ ಹತ್ತಿ ಇಳಿದು ದಡದ ಉದ್ದಕ್ಕೂ ಸಾಗುತ್ತಲೇ ಇರುತ್ತದೆ. ಜೊತೆಗೆ ಅಲೆ ಒಡೆಯುವ ಪಟ್ಟಿಯಲ್ಲಿ ದಡದ ಉದ್ದಕ್ಕೂ ಒಂದು ಹರಿವೇ ಇರುತ್ತದೆ. ನಾವು ನಿಂತ ನೆಲ ಅಂದುಕೊಳ್ಳುವ ದಂಡೆ ನಿಜವಾಗಿ ಹರಿಯುವ ಮರಳಿನ ಹೊಳೆ. ನಮ್ಮ ಕರಾವಳಿಯಲ್ಲಿ ಹಂಗಾಮು ಬದಲಾದಂತೆ ಅದರ ದಿಕ್ಕೂ ಬದಲಾಗುತ್ತದೆ.

ಈ ಹೊಳೆ ಒಂದು ಅಳಿವೆಯ ಹತ್ತಿರ ಬಂದಾಗ ದಡ ಥಟ್ಟನೆ ಒಳಕ್ಕೆ ತಿರುಗುತ್ತದೆ. ಮರಳು ಮಾತ್ರ ನೇರ ಮುಂದೆ ಹೋಗುತ್ತದೆ, ಆಳದ ನೀರಲ್ಲಿ ಇಳಿಯುತ್ತದೆ, ಗುಡ್ಡೆಯಾಗುತ್ತದೆ, ನೀರ ಮೇಲೆ ಬರುತ್ತದೆ. ಅದರ ಮೇಲೆ ಇನ್ನಷ್ಟು ಮರಳು ಇನ್ನಷ್ಟು ಮುಂದೆ ಹೋಗುತ್ತದೆ. ವರ್ಷಗಳು ಕಳೆದರೆ ಒಂದು ಬೆಂಗ್ರೆ. ಹುಲ್ಲು, ಬಳ್ಳಿ ಹಬ್ಬಿ ಮರಳನ್ನು ಹಿಡಿಯುತ್ತವೆ. ಆಮೇಲೆ ತೆಂಗು, ಮನೆ, ಶಾಲೆ, ದೇವಸ್ಥಾನ, ಮಸೀದಿ, ಬಸ್ಸು. ಬೆಂಗ್ರೆಯ ಮೇಲೆ ಹುಟ್ಟಿ ಬೆಳೆದವರು ಸಾವಿರಾರು ಜನ ಇದ್ದಾರೆ.

ಮರವಂತೆಗೆ ಹೋದವರು ಇದನ್ನು ಕಾರಿನ ಕಿಟಕಿಯಿಂದಲೇ ನೋಡಿರುತ್ತೀರಿ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಹೊಳೆ ಕಡಲಿಗೆ ಇಷ್ಟು ಹತ್ತಿರ ಬಂದೂ ಸೇರಲ್ಲ. ನಡುವಿನ ಮರಳಿನ ಪಟ್ಟಿ ದಾಟೋಕಾಗದೆ ತಿರುಗಿ ಸುಮಾರು 10 ಕಿಲೋಮೀಟರ್ ಸುತ್ತಿ ಗಂಗೊಳ್ಳಿಗೆ ಹೋಗುತ್ತದೆ. ಅಲ್ಲಿ ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಜೊತೆಗೂಡಿ ಪಂಚಗಂಗಾವಳಿ ಆಗಿ ಕಡಲಿಗೆ ಬೀಳುತ್ತದೆ. ಆಚೆ ದಡ ಗಂಗೊಳ್ಳಿ, ಈಚೆ ದಡ ಕೋಡಿ.

ಉಡುಪಿಯ ಕೋಡಿ ಬೆಂಗ್ರೆಗೆ ಈಗ ಎಲ್ಲರೂ ಡೆಲ್ಟಾ ಬೀಚ್ ಅನ್ನುತ್ತಾರೆ. ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಚಂದದ ಜಾಗ. ಆದರೆ ಅದು ಡೆಲ್ಟಾ ಅಲ್ಲ. ಡೆಲ್ಟಾ ಅಂದರೆ ನದಿ ತಂದು ಸುರಿದ ಮಣ್ಣು ಕಡಲನ್ನು ಹಿಂದೆ ತಳ್ಳಿ ಕಟ್ಟಿದ ಬಯಲು. ಕಾವೇರಿ, ಕೃಷ್ಣಾ, ಗೋದಾವರಿ ಪೂರ್ವದ ಕಡಲಿನಲ್ಲಿ ಕಟ್ಟಿವೆಯಲ್ಲಾ, ಅದು. ಪಡುಗಡಲಿನ ನಮ್ಮ ಹೊಳೆಗಳು ಗಿಡ್ಡ, ಘಟ್ಟದಿಂದ ಧಡಧಡ ಇಳಿದು ಬರುತ್ತವೆ. ತಂದ ಮರಳನ್ನು ಅಲೆ ಅಲ್ಲಿ ಇರೋಕೆ ಬಿಡಲ್ಲ, ಪಕ್ಕಕ್ಕೆ ಎಳೆದು ಪಟ್ಟಿ ಮಾಡುತ್ತದೆ. ಸರಿಯಾದ ಹೆಸರು ಅಲ್ಲಿನವರು ಇಟ್ಟಿದ್ದೇ: ಕೋಡಿ, ಬೆಂಗ್ರೆ. ಒಂದಲ್ಲ, ಎರಡು ಪದದಲ್ಲಿ ಭೂಗೋಳ ಪಾಠ ಮುಗಿಸಿದ್ದಾರೆ.

ರಾಮೇಶ್ವರಕ್ಕೆ ಹೋದಾಗಲೂ ನನಗೆ ಆ ಪದ ಸಿಕ್ಕಿತು. ಧನುಷ್ಕೋಡಿ, ಬಿಲ್ಲಿನ ತುದಿ. ಎರಡೂ ಪಕ್ಕ ಕಡಲು, ನಡುವೆ ಸಪೂರವಾದ ಮರಳು. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಆ ಊರು ಒಂದೇ ರಾತ್ರಿಯಲ್ಲಿ ನಾಶವಾಯಿತು. ಮುರಿದ ಚರ್ಚಿನ ಗೋಡೆ ಹತ್ತಿರ ನಿಂತಾಗ ನಾನು ಅಜ್ಜಿ ಮನೆಯ ಬಗ್ಗೆಯೇ ಯೋಚಿಸುತ್ತಿದ್ದೆ.

ಕಡಲಿಗೆ ಹೋಗುವ ಬೆಂಗಳೂರಿನವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದಯವಿಟ್ಟು ಗಮನ ಕೊಡಿ. ದಿಣ್ಣೆ ಉದ್ದಕ್ಕೂ ಒಂದೇ ಸಮ ಇರಲ್ಲ, ನಡುವೆ ಸಂದುಗಳಿರುತ್ತವೆ. ದಿಣ್ಣೆ ದಾಟಿ ಒಳಗೆ ಬಂದ ನೀರಿನಲ್ಲಿ ಬಹಳಷ್ಟು ಆ ಸಂದಿಯಲ್ಲಿ ನುಗ್ಗಿ ಹೊರಗೆ ಹೋಗುತ್ತದೆ. ಅಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯಲ್ಲ. ನೋಡೋಕೆ ನುಣ್ಣಗೆ, ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಈಜು ಬರದವರು "ಇಲ್ಲಿ ಅಲೆ ಕಮ್ಮಿ ಇದೆ" ಅಂತ ಅಲ್ಲೇ ಇಳಿಯುತ್ತಾರೆ. ಜೋರಿದ್ದಾಗ ಆ ಸೆಳೆತ ಸೆಕೆಂಡಿಗೆ 2 ಮೀಟರ್ ದಾಟುತ್ತದೆ, ಒಳ್ಳೆ ಈಜುಗಾರರಿಗೂ ಎದುರು ಈಜೋಕಾಗಲ್ಲ. ಸಿಕ್ಕಿಕೊಂಡರೆ ದಡದ ಕಡೆ ಒದ್ದಾಡಬೇಡಿ. ತೇಲಿಕೊಂಡು ಕೈ ಎತ್ತಿ ಕರೆಯಿರಿ. ಈಜು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಆ ಸಂದು ಹೆಚ್ಚು ಅಗಲ ಇರಲ್ಲ. ಪಕ್ಕದ ದಿಣ್ಣೆಯ ಮೇಲೆ ಒಡೆಯುವ ಬಿಳಿ ಅಲೆಗಳು ನಿಮ್ಮನ್ನು ದಡಕ್ಕೆ ತರುತ್ತವೆ. ಮಳೆಗಾಲದಲ್ಲಿ ಇಳಿಯಲೇಬೇಡಿ. ಊರವರು ಬೇಡ ಅಂದರೆ ಬೇಡ.

ಅಜ್ಜಿ ಮನೆಯಿಂದ ತುಸು ತೆಂಕಕ್ಕೆ ಕೆಲವು ವರ್ಷಗಳ ಹಿಂದೆ ದಂಡೆಯ ಮೇಲೆ ಕಲ್ಲಿನ ಗೋಡೆ ಹಾಕಿದರು. ಕಡಲ್ಕೊರೆತಕ್ಕೆ ಮನೆಗಳು ಬೀಳುತ್ತಿದ್ದವು. ಅಲ್ಲಿದ್ದವರ ಕಷ್ಟ ನಾನು ಕಣ್ಣಾರೆ ನೋಡಿದ್ದೇನೆ, ಕಲ್ಲು ಹಾಕಿ ಅಂತ ಕೇಳಿದ್ದು ಅವರೇ. ಅದನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಕಲ್ಲಿಗೆ ಬಡಿದ ಅಲೆ ತನ್ನ ಬಲ ಬಿಟ್ಟುಕೊಡದೆ ತಿರುಗಿ ಬೀಳುತ್ತದೆ, ಗೋಡೆಯ ಬುಡದ ಮರಳನ್ನೇ ಕೆರೆಯುತ್ತದೆ. ಗೋಡೆ ಹಿಂದಿನ ಮರಳು ದಿಣ್ಣೆ ಕಟ್ಟೋಕೆ ಕಡಲಿಗೆ ಸಿಗುವುದಿಲ್ಲ. ಆಗ ಕಡಲು ಗೋಡೆ ಮುಗಿದ ಕಡೆಯಿಂದ ತೆಗೆದುಕೊಳ್ಳುತ್ತದೆ. ಗೋಡೆ ಮುಗಿದ ಮೇಲೆ ಸಿಗುವುದು ನಮ್ಮ ತೆಂಗಿನಮರ. ಆಮೇಲಿನ ಕ್ಯಾಲೆಂಡರುಗಳಲ್ಲಿ ಮೇ ತಿಂಗಳ ಲೆಕ್ಕ 90, 78, 71.

ಚೆನ್ನೈಯಲ್ಲಿ ಇದೇ ಕಥೆ ಬಹಳ ದೊಡ್ಡದಾಗಿ ನಡೆದಿದೆ. ಅಲ್ಲಿ ವರ್ಷದ ಲೆಕ್ಕದಲ್ಲಿ ಮರಳು ತೆಂಕಿನಿಂದ ಬಡಗಿಗೆ ಸಾಗುತ್ತದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬಂದರಿಗಾಗಿ ಕಡಲೊಳಗೆ ಕಲ್ಲಿನ ಕೈ ಚಾಚಿದರು. ತೆಂಕಲ್ಲಿ ಮರಳು ತಡೆದು ನಿಂತಿತು, ಮರೀನಾ ಬೀಚ್ ಅಷ್ಟು ಅಗಲ ಆಯಿತು. ಬಡಗಲ್ಲಿ ರಾಯಪುರಂ ಕಡೆ ಮರಳು ಬರುವುದು ನಿಂತು ಕಡಲು ನೆಲ ತಿನ್ನತೊಡಗಿತು. ಮರೀನಾದಲ್ಲಿ ಸುಂಡಲ್ ತಿನ್ನುತ್ತಾ ನಡೆಯುವಾಗ ಕಾಲ ಕೆಳಗಿನ ಅಗಲ ಯಾರದ್ದು ಅಂತ ನನಗೆ ಈಗ ಗೊತ್ತಿದೆ.

ಹಾಗಂತ ದೂರೆಲ್ಲ ಕಲ್ಲಿನ ಮೇಲೆ ಹಾಕೋಕಾಗಲ್ಲ. ಹೊಯ್ಗೆ ಹುಟ್ಟುವುದು ಘಟ್ಟದಲ್ಲಿ. ಕಲ್ಲು ಸವೆದು, ಹೊಳೆಯಲ್ಲಿ ಉರುಳಿ ಬಂದು ಕಡಲು ಸೇರಬೇಕು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕುಂದಾಪುರಕ್ಕೆ ಬರುವ ವಾರಾಹಿಗೆ ಮಾಣಿ ಅಣೆಕಟ್ಟು ಇದೆ. ಅಣೆಕಟ್ಟಿನ ಹಿಂದೆ ನೀರು ನಿಂತರೆ ಮರಳೂ ನಿಲ್ಲುತ್ತದೆ, ನೀರು ಮಾತ್ರ ಕೆಳಗೆ ಬರುತ್ತದೆ. ಅಲ್ಲಿನ ಕರೆಂಟಿನಲ್ಲಿ ನಮ್ಮ ಮನೆ ದೀಪವೂ ಉರಿಯುತ್ತದೆ. ಅಣೆಕಟ್ಟಿನ ಕೆಳಗೆ ಉಳಿದ ಮರಳನ್ನು ಹೊಳೆಯಿಂದ ಬಾಚಿ ಲಾರಿಗೆ ತುಂಬುತ್ತಾರೆ. ನಾನಿರುವ ಅಪಾರ್ಟ್‌ಮೆಂಟ್ ಕಟ್ಟಿದ ಕಾಲಕ್ಕೆ ಎಂ ಸ್ಯಾಂಡ್ ಇನ್ನೂ ಇಷ್ಟು ಬಂದಿರಲಿಲ್ಲ, ಇದರ ಗೋಡೆಯಲ್ಲಿರುವುದು ಯಾವುದೋ ಹೊಳೆಯ ಮರಳು. ಯಾವ ಕಡಲು ಅದನ್ನು ಕಾಯುತ್ತಿತ್ತೋ.

ರಸ್ತೆಯ ಎಂ ಸ್ಯಾಂಡ್ ಒಂದು ಚಿಟಿಕೆ ಮನೆಗೆ ತಂದು, ಅಜ್ಜಿ ಮನೆಯ ಹೊಯ್ಗೆಯ ಪಕ್ಕ ಬಿಳಿ ಹಾಳೆ ಮೇಲೆ ಹಾಕಿ ಮಗಳಿಗೆ ಭೂತಗನ್ನಡಿ ಕೊಟ್ಟೆ. ಎಂ ಸ್ಯಾಂಡ್ ಕ್ರಷರಿನಲ್ಲಿ ಪುಡಿಯಾದ ಕಲ್ಲು, ಕಣಗಳಿಗೆಲ್ಲ ಚೂಪು ಮೂಲೆ. ಹೊಯ್ಗೆಯ ಕಣಗಳು ದುಂಡಗೆ, ಮೂಲೆಯೆಲ್ಲ ತಿಕ್ಕಿ ತಿಕ್ಕಿ ಸವೆದಿವೆ. "ಇದು ಎಷ್ಟು ದಿನ ನೀರಲ್ಲಿತ್ತಮ್ಮಾ?" ಅಂತ ಕೇಳಿದಳು. ದಿನ ಅಲ್ಲ, ವರ್ಷನೂ ಅಲ್ಲ, ಸಾವಿರಾರು ವರ್ಷ ಅಂದೆ. ಭೂತಗನ್ನಡಿ ಕೆಳಗಿಡಲೇ ಇಲ್ಲ.

ನಮ್ಮ ರಸ್ತೆಯ ಮರಳು ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಿದಳು. ಬೆಂಗಳೂರು ಒಂದು ದಿಬ್ಬದ ಮೇಲಿದೆ. ಒಂದು ಕಡೆಯ ಮಳೆನೀರು ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ. ಇನ್ನೊಂದು ಕಡೆಯದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿನ ಕಡಲೂರಿನ ಹತ್ತಿರ ಕಡಲಿಗೆ. ಎರಡೂ ಬಂಗಾಳ ಕೊಲ್ಲಿಗೇ. ಮಾವನ ದಂಡೆಗೆ ನಮ್ಮ ಒಂದು ಕಣವೂ ಹೋಗಲ್ಲ. ಕಡಲೂರಿಗಾದರೂ ಹೋಗುತ್ತಾ ಅಂದರೆ ದಾರಿಯಲ್ಲಿ ಎಷ್ಟು ಕೆರೆ, ಎಷ್ಟು ಅಣೆಕಟ್ಟು. ಹೆಚ್ಚಿನ ಪಾಲು ಯಾವುದೋ ಕೆರೆಗೆ ರಾಜಕಾಲುವೆ ಸೇರುವ ಜಾಗದಲ್ಲಿ ಬೀಸಣಿಗೆಯಂತೆ ಹರಡಿ ಹೂಳಾಗಿ ಕೂರುತ್ತದೆ. ಅಲ್ಲಿ ಜೊಂಡು ಬೆಳೆಯುತ್ತದೆ, ಬೆಳ್ಳಕ್ಕಿಗಳು ಬಂದು ನಿಲ್ಲುತ್ತವೆ.

ಹುಣ್ಣಿಮೆ ಮೊನ್ನೆ ಕಳೆಯಿತು. ಇವತ್ತು ಬೆಳಿಗ್ಗೆ ಮಾವನಿಗೆ ಫೋನ್ ಮಾಡಿದೆ. ಮಂಡಿನೋವು ಜಾಸ್ತಿ ಆಗಿದೆ, ಆದರೂ ಹೋಗಿ ಬಂದಿದ್ದಾರೆ.

"ಎಷ್ಟು ಮಾವ?"

"ಐವತ್ತೆರಡ್."

"ತೆರೆ ಎಲ್ಲಿ ಒಡೀತಾ ಇತ್ತು?"

"ಎರಡು ಕಡೆ. ಹೊರಗಿಂದ್ ಚೂರ್ ದೂರ್‌ವೇ ಇತ್ತ್."

ಮಗಳು ನಮ್ಮ ಅಡುಗೆಮನೆ ಕ್ಯಾಲೆಂಡರಿನ ಚೌಕದೊಳಗೆ 52 ಅಂತ ಬರೆದಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ತೆರೆ ಎರಡು ಕಡೆ" ಅಂತಲೂ ಬರೆದು, ದೀಪಾವಳಿ ನಂತರದ ಹುಣ್ಣಿಮೆ ಯಾವ ವಾರ ಬರುತ್ತೆ ಅಂತ ಹಾಳೆ ತಿರುವಿದಳು.